ಲುಟ್ಜ್ ಜಂಪ್: ಕೊನೇ ಕ್ಷಣದಲ್ಲಿ ಮಗುಚೋ ಒಂದು ಅಂಚಿನ ಕಥೆ

ಭಾಗ 1/10
0.60 ಅಂಕದ ಪ್ರಶ್ನೆ

ಎರಡು ಜಂಪ್ ಇವೆ. ಎರಡರಲ್ಲೂ ಸ್ಕೇಟರ್ ಹಿಂದಕ್ಕೆ ಜಾರ್ತಾ ಬರ್ತಾಳೆ. ಎಡಗಾಲ ಮೇಲೆ ನಿಂತಿರ್ತಾಳೆ. ಬಲಗಾಲನ್ನ ಹಿಂದೆ ಚಾಚಿ, ಬ್ಲೇಡಿನ ತುದಿಯನ್ನ ಐಸಿಗೆ ಕುಕ್ಕಿ ಮೇಲೇಳ್ತಾಳೆ. ಗಾಳಿಯಲ್ಲಿ ಮೂರು ಸುತ್ತು ತಿರುಗಿ ಬಲಗಾಲ ಮೇಲೆ ಇಳೀತಾಳೆ. ನೀವು ನೋಡಿದ್ರೂ ನಾನು ನೋಡಿದ್ರೂ ಎರಡೂ ಒಂದೇ ಥರ. ಆದ್ರೆ ಒಂದರ ಮೂಲ ಬೆಲೆ 5.30 ಅಂಕ, ಇನ್ನೊಂದರದ್ದು 5.90.

ಮೊದಲನೇದು ಟ್ರಿಪಲ್ ಫ್ಲಿಪ್. ಎರಡನೇದು ಟ್ರಿಪಲ್ ಲುಟ್ಜ್. ಆ 0.60 ಯಾಕೆ ಜಾಸ್ತಿ? ಈ ಸರಣಿ ಪೂರ್ತಿ ಅದರ ಬಗ್ಗೆನೇ.

ಗೊತ್ತು, ನಮ್ಮ ಕ್ಲಾಸಿನವರು ಈಗಲೇ ಕೇಳ್ತೀರ: "ಹಾಸನದಲ್ಲಿ ಕೂತು ನಿಂಗ್ಯಾಕೆ ಐಸ್ ಸ್ಕೇಟಿಂಗು?" ನಿಜ. ನಾನು ಇವತ್ತಿನವರೆಗೂ ಹೆಪ್ಪುಗಟ್ಟಿದ ಕೆರೆ ನೋಡಿಲ್ಲ. ನಾನು ನೋಡಿರೋ ದೊಡ್ಡ ಐಸ್ ಅಂದ್ರೆ ಮೀನಿನ ಅಂಗಡಿ ಮುಂದೆ ಗೋಣಿಚೀಲದಲ್ಲಿ ಸುತ್ತಿಟ್ಟಿರೋದು. ಆದ್ರೆ ಫೆಬ್ರವರಿ 2022ರಲ್ಲಿ, ಸೆಕೆಂಡ್ ಪಿಯುಸಿ ಓದ್ತಿದ್ದಾಗ, ಅಕೌಂಟೆನ್ಸಿ ಪುಸ್ತಕದ ಮೇಲೆ ಫೋನ್ ಇಟ್ಕೊಂಡು ಬೀಜಿಂಗ್ ಒಲಿಂಪಿಕ್ಸಿನ ಒಂದು ಕ್ಲಿಪ್ ನೋಡಿದೆ. ಅಲೆಕ್ಸಾಂಡ್ರಾ ಟ್ರುಸೋವಾ ಅಂತ ರಷ್ಯಾದ ಹುಡುಗಿ, ನನಗಿಂತ ಬರೀ ಒಂದು ವರ್ಷ ದೊಡ್ಡವಳು. ಒಂದೇ ಪ್ರದರ್ಶನದಲ್ಲಿ ಐದು ಸಲ ನಾಲ್ಕು ಸುತ್ತಿನ ಜಂಪ್ ಹಾರಿದ್ಲು. ಅದರಲ್ಲಿ ಎರಡು ಲುಟ್ಜ್. ಆಮೇಲೆ ಬೆಳ್ಳಿ ಪದಕ ಬಂತು ಅಂತ ಅತ್ತಳು.

ಅವತ್ತಿಂದ ಹಿಡಿದ ಹುಚ್ಚು ಇದು. ಹುಚ್ಚು ಹಿಡಿದ ಮೇಲೆ ಗೊತ್ತಾಗಿದ್ದು ಏನಂದ್ರೆ, ಈ ಒಂದು ಜಂಪಿನ ನೂರು ವರ್ಷದ ಇತಿಹಾಸದಲ್ಲಿ ಪ್ರಾಮಾಣಿಕತೆ ಬಗ್ಗೆ ಒಂದು ಪಾಠ ಇದೆ. ಅದು ನನಗೇ ಚುಚ್ಚಿತು. ಯಾಕೆ ಅಂತ ಒಂಬತ್ತನೇ ಭಾಗದಲ್ಲಿ ಹೇಳ್ತೀನಿ. ನೇರವಾಗಿ ಅಲ್ಲಿಗೆ ಹೋಗ್ಬೇಡಿ ಮತ್ತೆ!

ಭಾಗ 2/10
ಮೊದಲು ಬ್ಲೇಡ್ ಅರ್ಥ ಮಾಡ್ಕೊಳ್ಳಿ

ಫೋಟೋದಲ್ಲಿರೋದು ನನ್ನ ನೋಟ್‌ಬುಕ್ಕಿನ ಚಿತ್ರ. ಚೆನ್ನಾಗಿಲ್ಲ, ಕ್ಷಮೆ ಇರಲಿ.

ಸ್ಕೇಟಿನ ಬ್ಲೇಡ್ ಅಂದ್ರೆ ಚಾಕು ಥರ ಒಂದೇ ಅಲಗು ಅಂದ್ಕೊಂಡಿದ್ದೆ. ಅಲ್ಲ. ಅದು ಸುಮಾರು ನಾಲ್ಕು ಮಿಲಿಮೀಟರ್ ದಪ್ಪ, ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಇರುತ್ತೆ. ತೋಡಿನ ಆಚೆ ಈಚೆ ಎರಡು ಅಂಚು. ಕಾಲಿನ ಒಳಬದಿಗೆ ಇರೋದು ಒಳಅಂಚು, ಹೊರಬದಿಗೆ ಇರೋದು ಹೊರಅಂಚು. ಸ್ಕೇಟರ್ ಯಾವ ಕಡೆ ವಾಲ್ತಾಳೋ ಆ ಅಂಚು ಐಸನ್ನ ಹಿಡಿಯುತ್ತೆ, ಆ ಕಡೆಗೇ ದಾರಿ ಬಾಗುತ್ತೆ. ಬೈಕಲ್ಲಿ ತಿರುವು ತಗೊಳ್ಳುವಾಗ ವಾಲ್ತೀವಲ್ಲ, ಹಾಗೇ.

ಬ್ಲೇಡಿನ ಮುಂದುಗಡೆ ಗರಗಸದಂಥ ಹಲ್ಲುಗಳಿವೆ. ಅದಕ್ಕೆ ಟೋ ಪಿಕ್ ಅಂತಾರೆ. ಇವತ್ತು ಸ್ಪರ್ಧೆಯಲ್ಲಿ ಮುಖ್ಯವಾದ ಜಂಪ್ ಆರು. ಆಕ್ಸೆಲ್, ಸಾಲ್ಕೋ, ಲೂಪ್ ಈ ಮೂರೂ ಬರೀ ಅಂಚಿನ ಬಲದಿಂದ ಏಳೋವು. ಟೋ ಲೂಪ್, ಫ್ಲಿಪ್, ಲುಟ್ಜ್ ಈ ಮೂರರಲ್ಲಿ ಇನ್ನೊಂದು ಕಾಲಿನ ಟೋ ಪಿಕ್ ಕುಕ್ಕಿ ಏಳಬೇಕು. ಕೋಲೂರಿ ಗದ್ದೆಯ ಕಾಲುವೆ ದಾಟ್ತಾರಲ್ಲ, ಆ ಕೋಲಿನ ಕೆಲಸ ಇಲ್ಲಿ ಟೋ ಪಿಕ್ ಮಾಡುತ್ತೆ.

ಈಗ ವಿಷಯಕ್ಕೆ ಬನ್ನಿ. ಹೆಚ್ಚಿನವರು ಗಾಳಿಯಲ್ಲಿ ಎಡಕ್ಕೆ, ಅಂದ್ರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗ್ತಾರೆ. ಫ್ಲಿಪ್‌ನಲ್ಲಿ ಎಡಗಾಲಿನ ಒಳಅಂಚಿನ ಮೇಲೆ ಬರ್ತಾರೆ. ಆ ಅಂಚು ಎಳೆಯೋ ದಾರಿನೂ ಅದೇ ದಿಕ್ಕಿಗೆ ಬಾಗಿರುತ್ತೆ. ದಾರಿಯೇ ತಿರುಗೋಕೆ ಸಹಾಯ ಮಾಡುತ್ತೆ.

ಲುಟ್ಜ್‌ನಲ್ಲಿ ಎಡಗಾಲಿನ ಹೊರಅಂಚು. ದಾರಿ ಗಡಿಯಾರದ ಮುಳ್ಳಿನ ಕಡೆಗೆ ಬಾಗ್ತಾ ಇರುತ್ತೆ, ತಿರುಗಬೇಕಾಗಿರೋದು ಅದಕ್ಕೆ ಉಲ್ಟಾ. ಒಂದು ಕಡೆಗೆ ವಾಲಿ ಹೋಗ್ತಿರೋ ಬೈಕಿಂದ ಇನ್ನೊಂದು ಕಡೆಗೆ ಸುತ್ತುತ್ತಾ ಎದ್ದ ಹಾಗೆ! ಆರು ಜಂಪುಗಳಲ್ಲಿ ಹೀಗೆ ದಾರಿ ಒಂದು ದಿಕ್ಕು, ತಿರುಗೋದು ಇನ್ನೊಂದು ದಿಕ್ಕು ಇರೋದು ಇದೊಂದೇ.

ಆ 0.60 ಇದಕ್ಕೇ ಕೊಡೋದು.

ಭಾಗ 3/10
ವಿಯೆನ್ನಾ ಊರಿನ ಹುಚ್ಚು

ಈ ಜಂಪ್ ಹುಟ್ಟಿದ್ದು ಆಸ್ಟ್ರಿಯಾದಲ್ಲಿ. ಯಾಕೆ ಅಲ್ಲಿ ಅಂತ ತಿಳಿಯೋಕೆ ಐವತ್ತು ವರ್ಷ ಹಿಂದಕ್ಕೆ ಹೋಗ್ಬೇಕು.

1860ರ ದಶಕದಲ್ಲಿ ಜಾಕ್ಸನ್ ಹೇನ್ಸ್ ಅನ್ನೋ ಅಮೆರಿಕದ ನೃತ್ಯಗಾರ ಯುರೋಪಿಗೆ ಬಂದ. ಆಗ ಸ್ಕೇಟಿಂಗ್ ಅಂದ್ರೆ ಮೈ ಬಿಗಿಹಿಡಿದು, ಐಸ್ ಮೇಲೆ ಅಳತೆ ತಪ್ಪದ ಹಾಗೆ ವೃತ್ತ ಬರೆಯೋದು. ಹೇನ್ಸ್ ಬಂದು ಸಂಗೀತಕ್ಕೆ ಕುಣಿದ, ಕೈ ಬೀಸಿದ, ಕೂತು ಗಿರಗಿರ ತಿರುಗಿದ. ಅವನ ಸ್ವಂತ ದೇಶದಲ್ಲೇ ಅದಕ್ಕೆ ದೊಡ್ಡ ಮರ್ಯಾದೆ ಸಿಕ್ಕಿರಲಿಲ್ಲ. ವಿಯೆನ್ನಾದಲ್ಲಿ ಮಾತ್ರ ಜನ ಮುಗಿಬಿದ್ರು. ವಾಲ್ಟ್ಸ್ ಸಂಗೀತದ ಊರು ನೋಡಿ ಅದು. 1867ರಲ್ಲಿ ಅಲ್ಲೊಂದು ಸ್ಕೇಟಿಂಗ್ ಕ್ಲಬ್ ಶುರುವಾಯ್ತು, ಇವತ್ತಿಗೂ ಇದೆ. ಹೇನ್ಸ್ 1875ರಲ್ಲಿ ಫಿನ್ಲೆಂಡಿನಲ್ಲಿ ತೀರಿಹೋದ. ಅವನ ಶೈಲಿ ವಿಯೆನ್ನಾದಲ್ಲಿ ಉಳೀತು.

1882ರಲ್ಲಿ ಅದೇ ವಿಯೆನ್ನಾದಲ್ಲಿ ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆ ನಡೀತು. ನಾರ್ವೆಯ ಆಕ್ಸೆಲ್ ಪಾಲ್ಸನ್ ಮುಂದಕ್ಕೆ ಮುಖಮಾಡಿ ಹಾರಿ ಒಂದೂವರೆ ಸುತ್ತು ತಿರುಗಿದ. ಅದೂ ಓಟದ ಸ್ಕೇಟ್ ಹಾಕ್ಕೊಂಡು! ಇವತ್ತಿನ ಆಕ್ಸೆಲ್ ಜಂಪ್ ಅವನದ್ದು. 1892ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹುಟ್ಟಿತು. 1909ರಲ್ಲಿ ಸ್ವೀಡನ್ನಿನ ಉಲ್ರಿಚ್ ಸಾಲ್ಕೋ ತನ್ನ ಹೆಸರಿನ ಜಂಪ್ ಹಾರಿದ. ಮರುವರ್ಷವೇ ಜರ್ಮನಿಯ ವೆರ್ನರ್ ರಿಟ್‌ಬರ್ಗರ್ ಲೂಪ್ ಹಾರಿದ.

1909ರಲ್ಲೇ ಇನ್ನೊಂದು ಘಟನೆ. ಎಡ್ವರ್ಡ್ ಎಂಗೆಲ್ಮನ್ ಅನ್ನೋ ಎಂಜಿನಿಯರ್, ಅವನೂ ಸ್ಕೇಟರ್, ವಿಯೆನ್ನಾದಲ್ಲಿ ಬಯಲಲ್ಲೇ ಯಂತ್ರದಿಂದ ಐಸ್ ಕಟ್ಟಿಸಿದ. ಅಲ್ಲಿವರೆಗೆ ಕೆರೆ ಹೆಪ್ಪುಗಟ್ಟೋ ತನಕ ಕಾಯಬೇಕಿತ್ತು. ಬಿಸಿಲು ಬಂದ್ರೆ ಪ್ರಾಕ್ಟೀಸ್ ಖಲಾಸ್. ಮಳೆ ನಂಬಿದ ರಾಗಿ ಹೊಲಕ್ಕೆ ಬೋರ್‌ವೆಲ್ ಬಂದ ಹಾಗಾಯ್ತು ಅನ್ಕೊಳ್ಳಿ.

ಹೊಸ ಹೊಸ ಜಿಗಿತ ಹುಟ್ಟೋಕೆ ಊರು ಸಿದ್ಧವಾಗಿತ್ತು.

ಭಾಗ 4/10
ಅಲೋಯಿಸ್ ಲುಟ್ಜ್, 1913

ಆಸ್ಟ್ರಿಯಾದ ಅಲೋಯಿಸ್ ಲುಟ್ಜ್ 1913ರಲ್ಲಿ ಈ ಜಂಪನ್ನ ಸ್ಪರ್ಧೆಯಲ್ಲಿ ಹಾರಿದ ಅಂತ ಸ್ಕೇಟಿಂಗ್ ಇತಿಹಾಸ ಹೇಳುತ್ತೆ. ಗಾಳಿಯಲ್ಲಿ ಒಂದೇ ಸುತ್ತು.

ಅವನ ಬಗ್ಗೆ ಇಲ್ಲಿ ದೊಡ್ಡ ಪ್ಯಾರಾ ಬರೀಬೇಕು ಅಂತ ಕೂತೆ. ಬರೆಯೋಕೆ ಇರೋದು ಇಷ್ಟೇ.

ಸಾಲ್ಕೋ ಜೊತೆ ಹೋಲಿಸಿ ನೋಡಿ. ಸಾಲ್ಕೋ ಹತ್ತು ಸಲ ವಿಶ್ವ ಚಾಂಪಿಯನ್, 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಚಿನ್ನ, ಆಮೇಲೆ ಸ್ಕೇಟಿಂಗ್ ಒಕ್ಕೂಟದ ಅಧ್ಯಕ್ಷ. ಅವನ ಹೆಸರು ಉಳಿಯೋಕೆ ನೂರು ಕಾರಣ ಇದ್ವು. ಲುಟ್ಜ್ ವಿಶ್ವ ಚಾಂಪಿಯನ್ ಆಗಲಿಲ್ಲ. ಅವನು ಜಿಗಿದ ಮರುವರ್ಷ ಮೊದಲ ಮಹಾಯುದ್ಧ ಶುರುವಾಯ್ತು. 1915ರಿಂದ 1921ರವರೆಗೆ ವಿಶ್ವ ಚಾಂಪಿಯನ್‌ಶಿಪ್ಪೇ ನಡೀಲಿಲ್ಲ. ಸ್ಕೇಟಿಂಗ್ ಮಾಡ್ತಿದ್ದ ಒಂದು ಇಡೀ ತಲೆಮಾರಿನ ಯೌವನ ಅಲ್ಲಿಗೆ ಹೋಯ್ತು.

ಆದ್ರೂ ಇವತ್ತು ಟೋಕಿಯೋದಲ್ಲಿ, ಟೊರಾಂಟೋದಲ್ಲಿ, ಮಾಸ್ಕೋದಲ್ಲಿ ಎಂಟು ವರ್ಷದ ಮಗು ಬೆಳಗ್ಗೆ ಎದ್ದು ಅವನ ಹೆಸರು ಹೇಳಿ ಪ್ರಾಕ್ಟೀಸ್ ಮಾಡುತ್ತೆ. ಆರು ಮುಖ್ಯ ಜಂಪುಗಳಲ್ಲಿ ಮನುಷ್ಯರ ಹೆಸರಿರೋದು ಮೂರಕ್ಕೆ: ಆಕ್ಸೆಲ್, ಸಾಲ್ಕೋ, ಲುಟ್ಜ್. ಆ ಮೂರರಲ್ಲಿ ಟೋ ಪಿಕ್ ಬಳಸೋದು ಲುಟ್ಜ್ ಒಂದೇ. ಟೋ ಲೂಪನ್ನ 1920ರ ದಶಕದಲ್ಲಿ ಹುಟ್ಟಿಸಿದ ಅಮೆರಿಕದ ಬ್ರೂಸ್ ಮೇಪ್ಸ್ ಹೆಸರು ಜಂಪಿಗೆ ಅಂಟಿಕೊಳ್ಳಲೇ ಇಲ್ಲ.

ನನಗೆ ಇಷ್ಟವಾಗೋದು ಏನು ಗೊತ್ತಾ? ಆ ಕಾಲದಲ್ಲಿ ಜಂಪ್ ಹಾರಿದ್ರೆ ಗೆಲ್ತೀವಿ ಅಂತ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಅಂಕ ಇದ್ದದ್ದು ಐಸ್ ಮೇಲೆ ಎಂಟರ ಆಕಾರ ಬರೆಯೋದಕ್ಕೆ. ಸುಲಭವಾದ ದಾರಿ ಪಕ್ಕದಲ್ಲೇ ಇತ್ತು. ಒಳಅಂಚಿನಿಂದ ಹಾರಬಹುದಿತ್ತು. ಲುಟ್ಜ್ ಹೊರಅಂಚಿಂದಲೇ ಹಾರಿದ.

ಭಾಗ 5/10
ಐಸ್ ಸುಳ್ಳು ಹೇಳದ ಕಾಲ

ಆ ಎಂಟರ ಆಕಾರದ ಬಗ್ಗೆ ಒಂದು ಮಾತು ಹೇಳ್ಬೇಕು, ಮುಂದೆ ಬೇಕಾಗುತ್ತೆ.

ಅದಕ್ಕೆ ಕಂಪಲ್ಸರಿ ಫಿಗರ್ಸ್ ಅಂತಿದ್ರು. ಫಿಗರ್ ಸ್ಕೇಟಿಂಗ್ ಅನ್ನೋ ಹೆಸರು ಬಂದಿದ್ದೇ ಅದರಿಂದ. ಸಂಗೀತ ಇಲ್ಲ, ಮಿನುಗೋ ಬಟ್ಟೆ ಇಲ್ಲ. ಸ್ಕೇಟರ್ ಒಬ್ಬನೇ ಒಂದು ಅಂಚಿನ ಮೇಲೆ ನಿಂತು ವೃತ್ತ ಎಳೀತಾನೆ, ಅದೇ ಗೆರೆ ಮೇಲೆ ಮತ್ತೆ ಮತ್ತೆ ಹೋಗ್ತಾನೆ. ಮುಗಿದ ಮೇಲೆ ಜಡ್ಜ್‌ಗಳು ಕೋಟು ಹಾಕ್ಕೊಂಡು ಐಸಿಗೆ ಇಳಿದು, ಬಗ್ಗಿ, ಗೆರೆ ನೋಡ್ತಾರೆ. ಒಂದೇ ಗೆರೆ ಇದ್ರೆ ಸರಿ. ಎರಡು ಜೋಡಿ ಗೆರೆ ಕಂಡ್ರೆ ಬ್ಲೇಡ್ ಚಪ್ಪಟೆಯಾಗಿ ಎರಡೂ ಅಂಚಿನ ಮೇಲೆ ಕೂತಿತ್ತು ಅಂತ ಅರ್ಥ. ಅಂಕ ಕಟ್.

ಅಂದ್ರೆ ನೀವು ಯಾವ ಅಂಚಿನ ಮೇಲಿದ್ರಿ ಅಂತ ಐಸೇ ಸಾಕ್ಷಿ ಹೇಳ್ತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ವೋಚರ್ ಕೈಯಲ್ಲೇ ಇರ್ತಿತ್ತು.

ಜಂಪಿಗೆ ಆ ಪರೀಕ್ಷೆ ಇರಲಿಲ್ಲ. ಅದು ಸಂಗೀತದ ಮಧ್ಯೆ, ವೇಗದಲ್ಲಿ, ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಲ್ಲಿ ಆಗಿಹೋಗುತ್ತೆ. ಅಲ್ಲಿ ಸಾಕ್ಷಿ ಬರೀ ಜಡ್ಜ್‌ನ ಕಣ್ಣು.

ವರ್ಷಗಳು ಕಳೆದ ಹಾಗೆ ಸುತ್ತು ಜಾಸ್ತಿ ಆಗ್ತಾ ಹೋಯ್ತು. 1942ರಲ್ಲಿ ಕೆನಡಾದ ಬಾರ್ಬರಾ ಆ್ಯನ್ ಸ್ಕಾಟ್ ಸ್ಪರ್ಧೆಯಲ್ಲಿ ಡಬಲ್ ಲುಟ್ಜ್ ಹಾರಿದ ಮೊದಲ ಹೆಣ್ಣು. ವಯಸ್ಸು 13! ಆರು ವರ್ಷ ಆದ್ಮೇಲೆ, 1948ರಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದಳು. ಅದೇ 1948ರಲ್ಲಿ ಅಮೆರಿಕದ ಡಿಕ್ ಬಟನ್ ಡಬಲ್ ಆಕ್ಸೆಲ್ ಹಾರಿದ. 1952ರಲ್ಲಿ ಮೊದಲ ತ್ರಿವಳಿ ಸುತ್ತೂ ಅವನದ್ದೇ, ಟ್ರಿಪಲ್ ಲೂಪ್.

ಟ್ರಿಪಲ್ ಲುಟ್ಜ್? ಉಲ್ಟಾ ದಾರಿಯಿಂದ ಎದ್ದು ಮೂರು ಸುತ್ತು? ಅದಕ್ಕೆ ಇನ್ನೂ ಹತ್ತು ವರ್ಷ ಕಾಯಬೇಕಿತ್ತು. ಆ ದಿನದ ಕಥೆ ಮುಂದಿನ ಭಾಗದಲ್ಲಿ. ಸರಣಿಯಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ.

ಭಾಗ 6/10
ಪ್ರಾಗ್, ಮಾರ್ಚ್ 1962

1961ರ ವಿಶ್ವ ಚಾಂಪಿಯನ್‌ಶಿಪ್ ಪ್ರಾಗ್ ನಗರದಲ್ಲಿ ನಡೀಬೇಕಿತ್ತು. ಆಗ ಅದು ಚೆಕೊಸ್ಲೊವಾಕಿಯಾ. ಅಮೆರಿಕದ ಇಡೀ ತಂಡ ವಿಮಾನ ಹತ್ತಿತು. ಸ್ಕೇಟರ್‌ಗಳು, ಕೋಚ್‌ಗಳು, ಮನೆಯವರು. 15 ಫೆಬ್ರವರಿ 1961ರಂದು ಬ್ರಸೆಲ್ಸ್ ಹತ್ತಿರ ಆ ವಿಮಾನ ಬಿತ್ತು. ಒಳಗಿದ್ದ 72 ಜನರಲ್ಲಿ ಒಬ್ಬರೂ ಉಳೀಲಿಲ್ಲ. ಚಾಂಪಿಯನ್‌ಶಿಪ್ ರದ್ದಾಯ್ತು.

ಮರುವರ್ಷ ಮತ್ತೆ ಪ್ರಾಗ್‌ನಲ್ಲೇ ಇಟ್ರು. ಅಂಥ ಐಸ್ ಮೇಲೆ ಇಳಿದವರಲ್ಲಿ ಒಬ್ಬ ಕೆನಡಾದ ಡೊನಾಲ್ಡ್ ಜಾಕ್ಸನ್. ವಯಸ್ಸು 21. ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು.

ಫಿಗರ್ಸ್ ಮುಗಿದಾಗ ಅವನು ತುಂಬ ಹಿಂದಿದ್ದ. ಮುಂದಿದ್ದವನು ಕರೋಲ್ ದಿವಿನ್, ಆ ದೇಶದ್ದೇ ಹುಡುಗ. ಊರ ಜಾತ್ರೆಯಲ್ಲಿ ಊರ ಪೈಲ್ವಾನನ ಮುಂದೆ ಹೊರಗಿನವನು ಕುಸ್ತಿಗೆ ಇಳಿದ ಹಾಗಿತ್ತು ಪರಿಸ್ಥಿತಿ. ಸಾಮಾನ್ಯ ಪ್ರದರ್ಶನ ಕೊಟ್ಟಿದ್ರೆ ಬೆಳ್ಳಿ ಸಿಗ್ತಿತ್ತು. ತೆಪ್ಪಗೆ ತಗೊಂಡು ಹೋಗಬಹುದಿತ್ತು.

ಜಾಕ್ಸನ್ ಫ್ರೀ ಸ್ಕೇಟಿಂಗ್‌ನಲ್ಲಿ ಟ್ರಿಪಲ್ ಲುಟ್ಜ್ ಇಟ್ಟ. ಅಲ್ಲಿವರೆಗೆ ಸ್ಪರ್ಧೆಯಲ್ಲಿ ಯಾರೂ ಇಳಿಸಿರದ ಜಂಪ್. ಬಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು.

ಬೀಳಲಿಲ್ಲ.

ಆಗ ಅತ್ಯುತ್ತಮ ಅಂಕ ಅಂದ್ರೆ 6.0. ಅವತ್ತು ಜಡ್ಜ್‌ಗಳು ಅವನಿಗೆ ಏಳು 6.0 ಕೊಟ್ರು. ದಿವಿನ್‌ನನ್ನ ದಾಟಿ ವಿಶ್ವ ಚಾಂಪಿಯನ್ ಆದ. ಪುರುಷರ ವಿಭಾಗದಲ್ಲಿ ಕೆನಡಾಕ್ಕೆ ಅದು ಮೊದಲ ವಿಶ್ವ ಪಟ್ಟ. ಇನ್ನೊಬ್ಬರು ಆ ಮಟ್ಟದ ಸ್ಪರ್ಧೆಯಲ್ಲಿ ಟ್ರಿಪಲ್ ಲುಟ್ಜ್ ಇಳಿಸೋಕೆ ಹನ್ನೆರಡು ವರ್ಷ ಬೇಕಾಯ್ತು: 1974ರಲ್ಲಿ ಪೂರ್ವ ಜರ್ಮನಿಯ ಯಾನ್ ಹಾಫ್‌ಮನ್.

ಹನ್ನೆರಡು ವರ್ಷ ಅಂದ್ರೆ ಒಂದನೇ ಕ್ಲಾಸಿಂದ ಸೆಕೆಂಡ್ ಪಿಯುಸಿ ತನಕ. ಒಬ್ಬ ಎಷ್ಟು ಮುಂದೆ ಹೋಗಿದ್ದ ನೋಡಿ.

ಹೆಣ್ಣುಮಕ್ಕಳಲ್ಲಿ ಮೊದಲು ಹಾರಿದ್ದು ಸ್ವಿಟ್ಜರ್ಲೆಂಡಿನ ಡೆನಿಸ್ ಬೀಲ್‌ಮನ್. 1978, ಸ್ಟ್ರಾಸ್‌ಬರ್ಗ್, ಯುರೋಪಿಯನ್ ಚಾಂಪಿಯನ್‌ಶಿಪ್. ಆಗ ಅವಳಿಗೆ 15. ವಿಚಿತ್ರ ಅಂದ್ರೆ ಅವಳ ಹೆಸರು ಉಳಿದಿದ್ದು ಜಂಪಿನಿಂದ ಅಲ್ಲ. ಕಾಲನ್ನ ಬೆನ್ನಹಿಂದಿಂದ ಎತ್ತಿ ತಲೆ ಮೇಲೆ ಹಿಡಿದು ಗಿರಗಿರ ತಿರುಗ್ತಾರಲ್ಲ, ಅದಕ್ಕೆ ಬೀಲ್‌ಮನ್ ಸ್ಪಿನ್ ಅಂತಾರೆ.

ಭಾಗ 7/10
ಫ್ಲುಟ್ಜ್: ಕಳ್ಳ ಜಂಪಿನ ಹೆಸರು

ಈಗ ಸರಣಿಯ ಮೂಲ ವಿಷಯ.

ಲುಟ್ಜ್ ಹಾರೋರು ಉದ್ದದ ದಾರಿಯಲ್ಲಿ ಬರ್ತಾರೆ. ಹೊರಅಂಚು, ಹೊರಅಂಚು, ಹೊರಅಂಚು. ಟೋ ಪಿಕ್ ಕುಕ್ಕೋ ಕ್ಷಣ ಹತ್ತಿರ ಬರುತ್ತೆ. ಮೈ ಹೇಳುತ್ತೆ: "ತಿರುಗಬೇಕಾಗಿರೋದು ಆ ಕಡೆ ಅಲ್ವಾ, ಸ್ವಲ್ಪ ಮೊದಲೇ ವಾಲಿಬಿಡು." ಕಣಕಾಲು ಚೂರೇ ಚೂರು ಒಳಕ್ಕೆ ಮಗುಚುತ್ತೆ. ಅಷ್ಟೇ. ಹೊರಅಂಚು ಒಳಅಂಚಾಯ್ತು. ಲುಟ್ಜ್ ಅಂತ ಬಂದವರು ಹಾರಿದ್ದು ಫ್ಲಿಪ್.

ಇದಕ್ಕೆ ಸ್ಕೇಟಿಂಗ್ ಲೋಕದಲ್ಲಿ ಫ್ಲುಟ್ಜ್ ಅಂತಾರೆ. ಫ್ಲಿಪ್ ಮತ್ತು ಲುಟ್ಜ್ ಸೇರಿಸಿದ ಅಡ್ಡಹೆಸರು. ಉಲ್ಟಾ ತಪ್ಪಿಗೂ ಹೆಸರಿದೆ, ಫ್ಲಿಪ್ ಹಾರುವಾಗ ಹೊರಅಂಚಿಗೆ ಹೋದ್ರೆ ಲಿಪ್.

ಇದನ್ನ ಎಲ್ಲರೂ ಬೇಕಂತಲೇ ಮಾಡ್ತಾರೆ ಅಂತಲ್ಲ. ಚಿಕ್ಕಂದಿನಲ್ಲಿ ಕಲಿಯುವಾಗ ಒಂದು ಸಲ ಹೀಗೆ ಮಗುಚಿ ಹಾರಿದ್ರೆ ಸುತ್ತು ಸಲೀಸಾಗಿ ಬರುತ್ತೆ, ಚಪ್ಪಾಳೆ ಬೀಳುತ್ತೆ. ಮೈ ಅದನ್ನೇ ಕಲೀತದೆ. ಆಮೇಲೆ ತಿದ್ದೋದು ಬಹಳ ಕಷ್ಟ.

1990ರಲ್ಲಿ ಕಂಪಲ್ಸರಿ ಫಿಗರ್ಸನ್ನ ಅಂತರರಾಷ್ಟ್ರೀಯ ಸ್ಪರ್ಧೆಯಿಂದ ತೆಗೆದುಬಿಟ್ರು. ಟಿವಿ ನೋಡೋರಿಗೆ ಬೋರು ಅನ್ನೋದು ಒಂದು ಕಾರಣ. ಗೆರೆ ನೋಡಿ ಅಂಚು ಹೇಳ್ತಿದ್ದ ಪರೀಕ್ಷೆ ಹೋಯ್ತು. ಉಳಿದಿದ್ದು ಜಂಪು, ಚಪ್ಪಾಳೆ, ಮತ್ತು 6.0. ಆ ಪದ್ಧತಿಯಲ್ಲಿ ಜಡ್ಜ್ ಇಡೀ ಪ್ರದರ್ಶನಕ್ಕೆ ಒಟ್ಟಾರೆ ಅಂಕ ಕೊಡ್ತಿದ್ರು. ಒಂದು ಜಂಪಿನ ಅಂಚು ಮಗುಚಿದ್ದಕ್ಕೆ ಎಷ್ಟು ಕಳೆದ್ರು, ಕಳೆದ್ರೋ ಇಲ್ವೋ, ಹೊರಗಿನವರಿಗೆ ತಿಳಿಯೋ ದಾರಿನೇ ಇರಲಿಲ್ಲ.

ಬ್ಯಾಲೆನ್ಸ್ ಶೀಟಿನಲ್ಲಿ ಕೊನೇ ಮೊತ್ತ ಮಾತ್ರ ತೋರಿಸಿ ಲೆಡ್ಜರ್ ಮುಚ್ಚಿಟ್ಟ ಹಾಗೆ. ನಮ್ಮ ಕಾಮರ್ಸಿನವರಿಗೆ ಇದಕ್ಕಿಂತ ಬಿಡಿಸಿ ಹೇಳ್ಬೇಕಾ?

ಭಾಗ 8/10
ಲೆಡ್ಜರ್ ತೆರೆದ ವರ್ಷ, ಆಮೇಲೆ ನಾಲ್ಕು ಸುತ್ತು

2002, ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್. ಜೋಡಿ ವಿಭಾಗದ ತೀರ್ಪಿನಲ್ಲಿ ಒಬ್ಬ ಜಡ್ಜ್ ಮೇಲೆ ಒತ್ತಡ ಇತ್ತು ಅನ್ನೋ ಆರೋಪ ಎದ್ದು ಪ್ರಪಂಚವೆಲ್ಲ ಗಲಾಟೆ ಆಯ್ತು. ಕೊನೆಗೆ ರಷ್ಯಾದ ಜೋಡಿಗೂ ಕೆನಡಾದ ಜೋಡಿಗೂ ಇಬ್ಬರಿಗೂ ಚಿನ್ನ ಕೊಟ್ರು. 6.0 ಪದ್ಧತಿಯ ಕಾಲ ಮುಗೀತು.

2004ರಲ್ಲಿ ಹೊಸ ಪದ್ಧತಿ ಬಂತು. ಪ್ರತಿ ಜಂಪಿಗೂ ಮೂಲ ಬೆಲೆ. ಅದನ್ನ ಹೇಗೆ ಮಾಡಿದ್ರು ಅನ್ನೋದಕ್ಕೆ ಪ್ಲಸ್ಸು ಮೈನಸ್ಸು. ಜಡ್ಜ್‌ಗಳಲ್ಲದೆ ಬೇರೆ ಒಂದು ತಾಂತ್ರಿಕ ತಂಡ ವಿಡಿಯೋ ನಿಧಾನಕ್ಕೆ ಓಡಿಸಿ ನೋಡುತ್ತೆ. ಈಗ ಅಂಕಪಟ್ಟಿಯಲ್ಲಿ ಅಂಚಿನ ಬಗ್ಗೆ ಎರಡು ಗುರುತು ಹಾಕ್ತಾರೆ. ಅಂಚು ಸ್ಪಷ್ಟ ಇಲ್ಲದಿದ್ರೆ ಒಂದು ಆಶ್ಚರ್ಯಸೂಚಕ ಚಿಹ್ನೆ. ತಪ್ಪೇ ಅಂತಾದ್ರೆ 'ಇ' ಅಕ್ಷರ, ಮೂಲ ಬೆಲೆಗೇ ಕತ್ತರಿ. ಪಟ್ಟಿ ಎಲ್ಲರಿಗೂ ಸಿಗುತ್ತೆ. ನೀವೂ ತೆಗೆದು ನೋಡಬಹುದು. ನಾನು ನೋಡ್ತಾ ಕೂರ್ತೀನಿ, ಅಮ್ಮ ಓದ್ತಿದಾಳೆ ಅಂದ್ಕೊಂಡು ಕಾಫಿ ತಂದುಕೊಡ್ತಾರೆ!

ಈ ಪದ್ಧತಿಯಲ್ಲಿ ಕಷ್ಟಕ್ಕೆ ಬೆಲೆ ಇದೆ. ಹಾಗಾಗಿ ನಾಲ್ಕು ಸುತ್ತಿನ ಲುಟ್ಜ್ ಕನಸು ಶುರುವಾಯ್ತು. 2011ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬ್ರಾಂಡನ್ ಮ್ರೋಜ್ ತನ್ನ ದೇಶದ ಒಂದು ಸಣ್ಣ ಸ್ಪರ್ಧೆಯಲ್ಲಿ ಅದನ್ನ ಇಳಿಸಿದ. ನವೆಂಬರಿನಲ್ಲಿ ಜಪಾನಿನ ಸಪ್ಪೊರೋದಲ್ಲಿ ಮತ್ತೆ ಇಳಿಸಿ ದಾಖಲೆಗೆ ಸೇರಿಸಿದ. ಆಗ ಅವನಿಗೆ 20, ನನ್ನ ವಯಸ್ಸು. ಮ್ರೋಜ್ ವಿಶ್ವ ಚಾಂಪಿಯನ್ ಆಗಲಿಲ್ಲ. ಮೊದಲು ಹಾರಿದವನಿಗೇ ಪಟ್ಟ ಸಿಗಬೇಕು ಅಂತೇನಿಲ್ಲ ಅಂತ ಅಲೋಯಿಸ್ ಲುಟ್ಜ್ ಕಾಲದಿಂದಲೂ ಗೊತ್ತಲ್ಲ.

2018ರ ಅಕ್ಟೋಬರಿನಲ್ಲಿ ಅರ್ಮೇನಿಯಾದ ಯೆರೆವಾನಿನಲ್ಲಿ, 14 ವರ್ಷದ ಟ್ರುಸೋವಾ ಕ್ವಾಡ್ ಲುಟ್ಜ್ ಇಳಿಸಿದ ಮೊದಲ ಹೆಣ್ಣು ಆದಳು. ಮೂಲ ಬೆಲೆ 11.50. ಅಂದ್ರೆ ಟ್ರಿಪಲ್‌ನ ಹತ್ತಿರ ಹತ್ತಿರ ಎರಡು ಪಟ್ಟು. ಅದೇ ಹುಡುಗಿ ಬೀಜಿಂಗಿನಲ್ಲಿ ಅತ್ತವಳು. ಅವತ್ತು ಫ್ರೀ ಸ್ಕೇಟಿಂಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಅಂಕ ಅವಳದ್ದೇ, ಒಟ್ಟು ಲೆಕ್ಕದಲ್ಲಿ ಮಾತ್ರ ಅವಳದೇ ದೇಶದ ಅನ್ನಾ ಶೆರ್ಬಕೋವಾ ಮುಂದೆ ಹೋದಳು.

2022ರ ಜೂನಿನಲ್ಲಿ ಒಕ್ಕೂಟ ಸೀನಿಯರ್ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನ 15ರಿಂದ ಹಂತ ಹಂತವಾಗಿ 17ಕ್ಕೆ ಏರಿಸೋ ತೀರ್ಮಾನ ತಗೊಂಡಿತು. ಮಕ್ಕಳ ಮೈ ಮೇಲೆ, ಮನಸ್ಸಿನ ಮೇಲೆ ಬೀಳೋ ಭಾರ ನೋಡಿ. ಅಂಕಪಟ್ಟಿಯಲ್ಲಿ ಬಾರದ ಖರ್ಚು ಅದು.

ಭಾಗ 9/10
ನನ್ನ ಫ್ಲುಟ್ಜ್

ಇಲ್ಲಿಗೆ ನೇರವಾಗಿ ಬಂದವರೇ, ವಾಪಸ್ ಹೋಗಿ ಮೊದಲಿಂದ ಓದ್ಕೊಂಡು ಬನ್ನಿ.

ಕಳೆದ ಸೆಮಿಸ್ಟರಿನಲ್ಲಿ ನಮಗೊಂದು ಪ್ರಾಜೆಕ್ಟ್ ಇತ್ತು. ಯುಪಿಐ ಬಂದ ಮೇಲೆ ಸಣ್ಣ ಅಂಗಡಿಗಳ ವ್ಯಾಪಾರ ಹೇಗಾಗಿದೆ ಅಂತ ಸರ್ವೇ. ನನ್ನ ಪಾಲಿಗೆ ಇಪ್ಪತ್ತು ಅಂಗಡಿ. ಒಂಬತ್ತಕ್ಕೆ ಹೋದೆ. ಬಿಸಿಲು, ಜ್ವರ, ಅಸೈನ್‌ಮೆಂಟು, ಎಲ್ಲ ನೆಪ ಇದ್ವು. ಉಳಿದ ಹನ್ನೊಂದು ಫಾರಂ ನಾನೇ ಹಾಸ್ಟೆಲಲ್ಲಿ ಕೂತು ತುಂಬಿದೆ. ಪೆನ್ನು ಬದಲಾಯಿಸಿ, ಕೈಬರಹ ಬದಲಾಯಿಸಿ.

ವೈವಾದಲ್ಲಿ ಯಾರೂ ಕೇಳಲಿಲ್ಲ. ಒಳ್ಳೇ ಮಾರ್ಕ್ಸ್ ಬಂತು. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಫಾರಂ. ಹೋಗಿ ತಂದದ್ದೂ ಕೂತು ಬರೆದದ್ದೂ.

ಈ ಸರಣಿ ಬರೆಯೋಕೆ ಅಂತ ಫ್ಲುಟ್ಜ್ ಬಗ್ಗೆ ಓದ್ತಿದ್ದೆ. ಕೊನೇ ಕ್ಷಣದಲ್ಲಿ ಅಂಚು ಮಗುಚೋದು, ಜಡ್ಜ್ ಕಣ್ಣಿಗೆ ಬೀಳದೇ ಇರೋದು, ಮೈ ಅದನ್ನೇ ಕಲಿಯೋದು. ಓದ್ತಾ ಓದ್ತಾ ಹೊಟ್ಟೆಯಲ್ಲಿ ಏನೋ ಆಯ್ತು. ನಾಳೆ ನಾವು ಆಡಿಟ್ ಆಫೀಸಲ್ಲಿ ಆರ್ಟಿಕಲ್‌ಶಿಪ್ಪಿಗೆ ಕೂರೋರು. ಸ್ಟಾಕ್ ಎಣಿಸಿ ಬನ್ನಿ ಅಂತ ಕಳಿಸ್ತಾರೆ. ಗೋಡೌನ್ ಬಾಗಿಲ ತನಕ ಹೋಗಿ ವಾಪಸ್ ಬರೋದನ್ನ ನಾನು ಈಗಲೇ ಕಲೀತಿದ್ದೆ.

ಮೊದಲು ಗ್ರೂಪಿನವರಿಗೆ ಹೇಳಿದೆ. ಬೈದ್ರು. ಅವರಿಗೆ ಹೇಳಿಯೇ ಇದನ್ನ ಬರೀತಿದೀನಿ. ಆಮೇಲೆ ಮೇಡಂ ಹತ್ರ ಹೋದೆ. ಅವರು ಸುಮಾರು ಹೊತ್ತು ಸುಮ್ಮನಿದ್ದು, "ಆ ಹನ್ನೊಂದಕ್ಕೂ ಹೋಗಿ ಬಾ. ಮಾರ್ಕ್ಸ್ ವಿಷಯ ಆಮೇಲೆ ನೋಡೋಣ" ಅಂದ್ರು.

ಹೋದೆ. ಕಟ್ಟಿನಕೆರೆ ಮಾರ್ಕೆಟ್ ಹತ್ರ ಬಳೆ ಅಂಗಡಿ ಅಜ್ಜಿಯ ಫಾರಂನಲ್ಲಿ ನಾನು 'ಯುಪಿಐ ಬಳಸುತ್ತಾರೆ, ಅನುಕೂಲವಾಗಿದೆ' ಅಂತ ಟಿಕ್ ಹಾಕಿದ್ದೆ. ಅಂಗಡಿ ಮುಂದೆ ಕ್ಯೂಆರ್ ಬೋರ್ಡು ಇದ್ದದ್ದು ನಿಜ. ಅಜ್ಜಿ ಹೇಳಿದ್ದು: "ಬೋರ್ಡು ನಂದಲ್ಲ ಕಣವ್ವ, ಮಗಂದು. ದುಡ್ಡು ಅವನ ಅಕೌಂಟಿಗೆ ಹೋಗುತ್ತೆ. ಸಂಜೆ ಸೊಪ್ಪು ತರೋಕೂ ನಾನು ಅವನ್ನೇ ಕೇಳ್ಬೇಕು."

ಹಾಸ್ಟೆಲಲ್ಲಿ ಕೂತು ಸಾವಿರ ಫಾರಂ ತುಂಬಿದ್ರೂ ಈ ಉತ್ತರ ನನಗೆ ಹೊಳೀತಿರಲಿಲ್ಲ. ಮಾರ್ಕ್ಸ್ ಏನಾಗುತ್ತೋ ಇನ್ನೂ ತೀರ್ಮಾನ ಆಗಿಲ್ಲ. ಕಟ್ ಆದ್ರೆ ಆಗಲಿ. ತಪ್ಪು ಅಂಚಿಗೆ 'ಇ' ಬಿದ್ರೆ ಸ್ಕೇಟರ್ ಜಗಳ ಆಡೋ ಹಾಗಿಲ್ಲ.

ಭಾಗ 10/10
ಇನ್ಮೇಲೆ ನೀವು ನೋಡುವಾಗ

ಇಷ್ಟು ಓದಿದ್ದೀರ, ಒಂದು ಲುಟ್ಜ್ ಗುರುತಿಸೋಕೆ ಕಲಿತೇ ಹೋಗಿ. ಸುಲಭ ಇದೆ.

ಒಂದು: ಉದ್ದದ ದಾರಿ. ಸ್ಕೇಟರ್ ಹಿಂದಕ್ಕೆ ಜಾರ್ತಾ, ಬೆನ್ನ ಹಿಂದೆ ನೋಡ್ಕೊಂಡು, ರಿಂಕಿನ ಮೂಲೆ ಕಡೆಗೆ ಹೋಗ್ತಿದ್ರೆ ಲುಟ್ಜ್ ಬರ್ತಿದೆ ಅಂತ ಕಾಯಿರಿ. ಕೆಲವರು ದಾರಿ ಚಿಕ್ಕದು ಮಾಡ್ಕೊಂಡೂ ಹಾರ್ತಾರೆ, ಆದ್ರೆ ಹೆಚ್ಚಿನವರದ್ದು ಉದ್ದ.

ಎರಡು: ಗಾಳಿಯಲ್ಲಿ ತಿರುಗೋದನ್ನ ನೋಡ್ಬೇಡಿ. ಎಲ್ಲರೂ ನೋಡೋದು ಅದನ್ನೇ. ನೀವು ಐಸ್ ಮೇಲಿರೋ ಎಡಗಾಲ ಕಣಕಾಲು ನೋಡಿ. ಟೋ ಪಿಕ್ ಕುಕ್ಕೋ ತನಕ ಅದು ಹೊರಕ್ಕೇ ವಾಲಿತ್ತಾ, ಒಳಕ್ಕೆ ಮಗುಚಿತಾ?

ಮೂರು: ಸ್ಕೇಟರ್ ಬಲಕ್ಕೆ ತಿರುಗೋಳಾದ್ರೆ ಎಲ್ಲ ಉಲ್ಟಾ, ಕಾಲು ಅದಲುಬದಲು.

ಐಸ್ ಇಲ್ಲದ ಊರಿನವರು ನಾವು ಅಂತ ಬೇಜಾರು ಬೇಡ. ರೋಲರ್ ಸ್ಕೇಟಿಂಗಿನಲ್ಲಿ ಆರ್ಟಿಸ್ಟಿಕ್ ಅಂತ ವಿಭಾಗ ಇದೆ. ಅಲ್ಲೂ ಲುಟ್ಜ್ ಇದೆ, ಅದೇ ಹೆಸರು, ಅದೇ ಉಲ್ಟಾ ದಾರಿ. ಟೋ ಪಿಕ್ ಬದಲು ಮುಂದುಗಡೆ ರಬ್ಬರಿನ ಸ್ಟಾಪರ್ ಕುಕ್ಕಿ ಏಳ್ತಾರೆ. ಸಂಜೆ ನಿಮ್ಮ ಊರಲ್ಲೂ ಮೊಣಕಾಲಿಗೆ ಪ್ಯಾಡ್ ಕಟ್ಕೊಂಡು ನಾಲ್ಕು ಚಕ್ರದ ಸ್ಕೇಟಲ್ಲಿ ಬೀಳ್ತಾ ಏಳ್ತಾ ಇರೋ ಮಕ್ಕಳು ಕಂಡ್ರೆ, ಅವರಿಗೆ ಅಲೋಯಿಸ್ ಲುಟ್ಜ್ ಕಥೆ ಹೇಳಿ.

1913ರ ಆ ಮನುಷ್ಯನ ಅಂಕಪಟ್ಟಿ ಇವತ್ತು ಯಾರ ಬಾಯಲ್ಲೂ ಇಲ್ಲ. ಅವನು ಎಷ್ಟನೇ ಸ್ಥಾನ ಬಂದ ಅಂತ ಯಾರೂ ಕೇಳಲ್ಲ. ಉಳಿದಿರೋದು ಅವನು ಯಾವ ಅಂಚಿಂದ ಹಾರಿದ ಅನ್ನೋದು ಮಾತ್ರ. ಆ ಅಂಚು ತಪ್ಪಿದ್ರೆ ಜಂಪಿಗೆ ಅವನ ಹೆಸರೂ ಇರಲ್ಲ.

ಸರಿ, ನಾಳೆ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಇದೆ, ಓದ್ಕೊಳ್ಬೇಕು. ಸರಣಿ ಇಷ್ಟ ಆದ್ರೆ ಸೇವ್ ಮಾಡ್ಕೊಳ್ಳಿ, ಫ್ರೆಂಡ್ಸಿಗೆ ಕಳ್ಸಿ. ನಿಮ್ಮದೂ ಯಾವುದಾದ್ರೂ ಫ್ಲುಟ್ಜ್ ಇದ್ರೆ ಕಾಮೆಂಟಲ್ಲಿ ಹೇಳ್ಬೇಕು ಅಂತಿಲ್ಲ. ಯಾರಿಗೆ ಹೇಳ್ಬೇಕೋ ಅವರಿಗೆ ಹೇಳಿ.

#ಕನ್ನಡ #ಇತಿಹಾಸ #ಫಿಗರ್‌ಸ್ಕೇಟಿಂಗ್ #ಲುಟ್ಜ್ #ಬಿಕಾಂಹುಡುಗಿಯಕಥೆಗಳು